ಕೊಸರಿನ ಎಣ್ಣೆ

ತಿಪಟೂರಿನ ಮಾರುಕಟ್ಟೆ ಯಾರ್ಡಿನ ಹಿಂಬದಿಯಲ್ಲಿ, ಕೊಬ್ಬರಿ ಲಾರಿಗಳು ಸಾಲುಗಟ್ಟಿ ನಿಲ್ಲುವ ಬಯಲಿಗೆ ಎದುರಾಗಿ ಭೀಮರಾಜುವಿನ ಶೆಡ್ಡಿದೆ. ತಗಡಿನ ಮಾಡು, ಎಣ್ಣೆ ಕುಡಿದು ಕುಡಿದು ಕಪ್ಪು ಚರ್ಮದಂತಾದ ನೆಲ, ಗೋಡೆಗೆ ಒರಗಿಸಿದ ಒಂದು ಮರದ ಬೆಂಚು. ಬೋರ್ಡಿಲ್ಲ. ಮೂವತ್ತೊಂದು ವರ್ಷದಿಂದ ಅವನು ಮಾಡುತ್ತ ಬಂದಿರುವುದು ಒಂದೇ ಕೆಲಸ. ಎಂಜಿನ್ನಿನ ಎಣ್ಣೆ ನೋಡುವುದು, ಕಡಿಮೆಯಿದ್ದರೆ ತುಂಬುವುದು, ಕೆಟ್ಟಿದ್ದರೆ ಬದಲಿಸುವುದು. ಬೋಲ್ಟು ಬಿಚ್ಚುವ, ಗೇರು ಕೂರಿಸುವ ಕೆಲಸಕ್ಕೆ ಊರಲ್ಲಿ ಬೇರೆಯವರಿದ್ದಾರೆ. ಎಣ್ಣೆಗೆ ಮಾತ್ರ ಭೀಮರಾಜು.

ಅವನ ಕೆಲಸ ಬೆಳಕು ಹರಿಯುತ್ತಿದ್ದಂತೆ ಶುರುವಾಗುತ್ತದೆ. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನಿನಲ್ಲಿ ಎಣ್ಣೆಯೆಲ್ಲ ಕೆಳಗಿಳಿದು ತಳದಲ್ಲಿ ಕೂತಿರುತ್ತದೆ. ಡ್ರೈವರು ಕೀ ತಿರುಗಿಸುವ ಮೊದಲೇ ಅದನ್ನು ಅಳೆಯಬೇಕು ಎಂಬುದು ಅವನು ಕಲಿತ ಮೊದಲ ಪಾಠ. ಅಳತೆಯ ಕಡ್ಡಿಯನ್ನು ಹೊರಗೆಳೆದು, ಹೆಂಡತಿ ವನಜಾಕ್ಷಿಯ ಹಳೆಯ ನೂಲಿನ ಸೀರೆಯಿಂದ ಹರಿದ ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು, ಮೂಡಲ ಬೆಳಕಿಗೆ ಓರೆಯಾಗಿ ಹಿಡಿಯುತ್ತಾನೆ. ಎರಡು ಗೆರೆಗಳ ನಡುವೆ ಎಣ್ಣೆ ಎಲ್ಲಿಗೆ ನಿಂತಿದೆ ಎಂದು ನೋಡಿ, ತುದಿಯ ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಮೂಗಿನ ಹತ್ತಿರ ತರುತ್ತಾನೆ. ಆಮೇಲೆ ಅವನು ಏನು ಹೇಳುತ್ತಾನೋ ಅದೇ ತೀರ್ಮಾನ.

ತೀರ್ಮಾನ ಎಂದದ್ದು ಸುಮ್ಮನೆ ಅಲ್ಲ. ಎಂಜಿನ್ನು ಕೆಟ್ಟಾಗ ತಪ್ಪು ಯಾರದು ಎಂದು ಮಾಲೀಕರು ಬಂದು ಕೇಳುತ್ತಿದ್ದುದು ಅವನನ್ನೇ. ಗಾಡಿಗೆ ವಯಸ್ಸಾಗಿದೆ ಎಂದರೆ ಮಾಲೀಕ ನಿಟ್ಟುಸಿರು ಬಿಟ್ಟು ರಿಪೇರಿ ಮಾಡಿಸುತ್ತಿದ್ದ. ಡ್ರೈವರಿನ ಕಾಲು ಭಾರ ಎಂದರೆ, ಅಂದರೆ ಅವನು ಗಾಡಿಯನ್ನು ಅಳತೆಮೀರಿ ತುಳಿದಿದ್ದಾನೆ ಎಂದರೆ, ಆ ಡ್ರೈವರಿಗೆ ಮರುದಿನದಿಂದ ಆ ಯಾರ್ಡಿನಲ್ಲಿ ಸ್ಟೇರಿಂಗು ಸಿಗುತ್ತಿರಲಿಲ್ಲ. ಭೀಮರಾಜು ಆ ಮಾತನ್ನು ಹಗುರವಾಗಿ ಆಡಿದವನಲ್ಲ. ಮೂವತ್ತೊಂದು ವರ್ಷದಲ್ಲಿ ಮೂವರ ಬಗ್ಗೆ ಆಡಿದ್ದ. ಮೂವರ ಹೆಸರೂ ಅವನಿಗೆ ನೆನಪಿದ್ದವು.

ಇನ್ನೊಂದು ಅಭ್ಯಾಸವೂ ಅವನಿಗಿತ್ತು. ಎಣ್ಣೆ ಮೇಲಿನ ಗೆರೆ ಮುಟ್ಟಿದ ಮೇಲೆ ಅವನು ಡಬ್ಬಿಯನ್ನು ಕೆಳಗಿಡುತ್ತಿರಲಿಲ್ಲ. ಇನ್ನಷ್ಟು ಸುರಿಯುತ್ತಿದ್ದ. ಅದಕ್ಕೆ ಅವನು ಕೊಸರು ಎನ್ನುತ್ತಿದ್ದ. ಹಾಲ್ಕುರಿಕೆಯ ಮನೆಯಲ್ಲಿ ಅವನ ತಾಯಿ ಪುಟ್ಟಗಂಗಮ್ಮ ಕಾಯಿ ಎಣಿಸಿ ಕೊಡುವಾಗ ನೂರು ಮುಗಿದ ಮೇಲೆ ನಾಲ್ಕು ಕಾಯಿ ಮೇಲಿಡುತ್ತಿದ್ದಳು. ಅಟ್ಟದ ಮೇಲೆ ವರ್ಷ ಒಣಗಿದ ಕೊಬ್ಬರಿಯಾದರೆ ಆ ನಾಲ್ಕನ್ನೂ ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಗಡಗಡ ಸದ್ದು ಮಾಡುವ ಒಳ್ಳೆಯದನ್ನೇ ಆರಿಸಿ ಇಡುತ್ತಿದ್ದಳು. ಬರೀ ಅಳತೆಗೆ ಕೊಟ್ಟು ಕಳಿಸಿದ ದಿನ ಅವಳಿಗೆ ಊಟ ಇಳಿಯುತ್ತಿರಲಿಲ್ಲ. ಮಗ ಎಣ್ಣೆಯ ಕೆಲಸಕ್ಕೆ ಇಳಿದಾಗ ಆ ಕೈ ಅವನಿಗೂ ಬಂತು. ಹಳೆಯ ಲಾರಿಗಳು ಹೇಗೂ ಎಣ್ಣೆ ಕುಡಿಯುತ್ತಿದ್ದವು; ಕೊಸರು ಹಾಕಿದರೆ ಡ್ರೈವರುಗಳು ಖುಷಿಯಾಗುತ್ತಿದ್ದರು. ಭೀಮಣ್ಣನ ಕೈ ಧಾರಾಳ ಎಂದು ಹುಳಿಯಾರಿನವರೆಗೂ ಮಾತಿತ್ತು.

ಕಳೆದ ಫೆಬ್ರವರಿಯ ಒಂದು ಬೆಳಿಗ್ಗೆ, ಏಳು ಗಂಟೆಯ ಹೊತ್ತಿಗೆ, ಚೆಂಡುಹೂವಿನ ಬಣ್ಣದ ಒಂದು ಕಾರು ಶೆಡ್ಡಿನ ಮುಂದೆ ಬಂದು ನಿಂತಿತು. ನೆಲಕ್ಕೆ ಅಂಟಿಕೊಂಡಂತೆ ಗಿಡ್ಡ, ಚಪ್ಪಟೆ. ಪಕ್ಕದಲ್ಲಿದ್ದ ಲಾರಿಯ ಟೈರು ಅದರ ತಲೆಗಿಂತ ಎತ್ತರವಿತ್ತು. ಇಂಥ ರೇಸಿನ ಕಾರನ್ನು ಭೀಮರಾಜು ಹೆದ್ದಾರಿಯಲ್ಲಿ ಸುಯ್ಯೆಂದು ಹೋಗುವಾಗ ನೋಡಿದ್ದನೇ ಹೊರತು ಮುಟ್ಟಿದವನಲ್ಲ. ಬಾಗಿಲು ತೆರೆದು ಇಳಿದವಳು ಇಪ್ಪತ್ತೇಳು ಇಪ್ಪತ್ತೆಂಟರ ಹೆಣ್ಣುಮಗಳು. ಹೆಸರು ಕೋಮಲಾ ಎಂದಳು. ಹುಳಿಯಾರಿನ ಕಡೆಯ ಹಟ್ಟಿಯವಳು; ಬೆಂಗಳೂರಿನಲ್ಲಿ ಮೋಹನ್ ಕುಮಾರ್ ಎಂಬುವರ ಬಳಿ ಡ್ರೈವರ್ ಕೆಲಸ. ಚಿಕ್ಕಮಗಳೂರಿನಲ್ಲಿದ್ದ ಕಾರನ್ನು ಬೆಂಗಳೂರಿಗೆ ಮುಟ್ಟಿಸಲು ಹೊರಟವಳು ಇಲ್ಲಿ ಎರಡು ಬೀದಿ ಆಚೆಗಿರುವ ಅಕ್ಕನ ಮನೆಯಲ್ಲಿ ರಾತ್ರಿ ಉಳಿದಿದ್ದಳು. ಈ ಕಾರಿನ ಕೀಯನ್ನು ಅವಳ ಕೈಗೆ ಕೊಟ್ಟದ್ದು ಇದೇ ಮೊದಲ ಸಲವಂತೆ. ಹಟ್ಟಿಯಲ್ಲಿ ಅವಳವ್ವ ಕಾಳಕ್ಕ ಈ ಸುದ್ದಿಯನ್ನು ಆಗಲೇ ಮನೆಮನೆಗೂ ಹೇಳಿ ಬಂದಿದ್ದಳಂತೆ.

ಹಿಂದಿನ ಸಂಜೆ ಎಣ್ಣೆಯ ದೀಪ ಎರಡು ಸಲ ಮಿಣಕ್ಕೆಂದಿತ್ತು. ಫೋನು ಮಾಡಿದ್ದಕ್ಕೆ ಮಾಲೀಕರು, ಗಾಡಿಯಲ್ಲೇ ಎರಡು ಬಾಟಲಿ ಎಣ್ಣೆಯಿದೆ, ತಿಳಿದವರ ಕೈಯಲ್ಲಿ ನೋಡಿಸಿ ಹಾಕಿಸಿಕೋ ಎಂದಿದ್ದರು. ತಿಳಿದವರು ಯಾರು ಎಂದು ಅಕ್ಕನ ಗಂಡನನ್ನು ಕೇಳಿದ್ದಕ್ಕೆ ಅವನು ಯೋಚಿಸದೆ ಹೇಳಿದ್ದು ಭೀಮರಾಜುವಿನ ಹೆಸರು.

ಭೀಮರಾಜು ಮುಂದಿನ ಮುಚ್ಚಳ ಎತ್ತಿಸಿದ. ಒಳಗೆ ಅವಳ ಬಟ್ಟೆಯ ಚೀಲ, ಎರಡು ಬಾಟಲಿ, ಒಂದು ಕೊಡೆ. ಬೆಂಚಿನ ಮೇಲಿದ್ದ ಲಾರಿ ಡ್ರೈವರೊಬ್ಬ ಕುತ್ತಿಗೆ ಚಾಚಿ ನೋಡಿ, "ಭೀಮಣ್ಣ, ಎಂಜಿನ್ನೇ ಯಾರೋ ಹೊತ್ಕೊಂಡು ಹೋಗವ್ರೆ ಕಣಪ್ಪ" ಎಂದ. ಎಲ್ಲರೂ ನಕ್ಕರು. ಎಂಜಿನ್ನು ಹಿಂದಿತ್ತು. ಭೀಮರಾಜುವೂ ನಕ್ಕು ಹಿಂದಕ್ಕೆ ಹೋದ. ಕೋಮಲಾ ಗಾಡಿಯ ಕೈಪಿಡಿ ತೆರೆದು ಬೆರಳಿಟ್ಟುಕೊಂಡು ಅವನ ಹಿಂದೆ ಬಂದಳು.

"ಅಣ್ಣ, ಬುಕ್ಕಲ್ಲಿ ಬೇರೆ ತರ ಐತೆ. ಗಾಡಿ ಓಡ್ಸಿ, ಚೆನ್ನಾಗಿ ಬಿಸಿ ಮಾಡಿ, ಎಂಜಿನ್ ಚಾಲೂ ಇರಂಗೇ ಎಣ್ಣೆ ನೋಡ್ಬೇಕಂತೆ."

"ಓಡೋ ಎಂಜಿನ್ನಾಗೆ ಎಣ್ಣೆ ನೋಡದಾ?" ಭೀಮರಾಜು ಬೆಂಚಿನವರ ಕಡೆ ತಿರುಗಿ ಹುಬ್ಬು ಹಾರಿಸಿದ. "ಓಡೋ ಹಸಿನ ಹಿಂದೆ ಚೆಂಬು ಹಿಡ್ಕೊಂಡು ಓಡ್ದಂಗಾಯ್ತು. ಬುಡು ತಾಯಿ, ಅದು ಚಳಿ ದೇಶದೋರು ಬರ್ದಿರೋ ಬುಕ್ಕು."

ಮತ್ತೆ ನಗು. ಅವಳು ಪುಸ್ತಕ ಮುಚ್ಚಿದಳು. ಬೆರಳು ಮಾತ್ರ ಸ್ವಲ್ಪ ಹೊತ್ತು ಹಾಳೆಗಳ ನಡುವೆಯೇ ಇತ್ತು.

ಎಣ್ಣೆಯ ಕಡ್ಡಿ ಎಂದಿನ ಜಾಗದಲ್ಲಿರಲಿಲ್ಲ. ಎಂಜಿನ್ನಿನ ಪಕ್ಕದಲ್ಲಿ ಕೊಡದಂತಹ ಒಂದು ಪುಟ್ಟ ಟ್ಯಾಂಕಿತ್ತು. ಅದರ ಮುಚ್ಚಳಕ್ಕೆ ಕಡ್ಡಿ ಸೇರಿಕೊಂಡಿತ್ತು. ಅದು ಯಾಕೆ ಅಲ್ಲಿದೆ ಎಂದು ಭೀಮರಾಜು ಒಂದು ಕ್ಷಣ ನಿಂತು ಯೋಚಿಸಬಹುದಿತ್ತು. ಯೋಚಿಸಲಿಲ್ಲ. ಒರೆಸಿ, ಇಳಿಸಿ, ಎಳೆದು, ಬೆಳಕಿಗೆ ಹಿಡಿದ. ಕಡ್ಡಿ ತುದಿಯವರೆಗೂ ಒಣಗಿತ್ತು. ದೇವರು ದೊಡ್ಡವನು, ಹೀಗೇ ಹೋಗಿದ್ದರೆ ಎಂಜಿನ್ನು ಕಚ್ಚಿಕೊಂಡು ನಿಂತೇ ಬಿಡುತ್ತಿತ್ತು ಎಂದು ಅವಳಿಗೆ ಹೇಳಿದ. ಒಂದು ಬಾಟಲಿ, ಪೂರ್ತಿ ಒಂದು ಲೀಟರು ಸುರಿದ ಮೇಲೆ ಎಣ್ಣೆ ಮೇಲಿನ ಗೆರೆಗೆ ಬಂತು. ಅವನು ಎರಡನೆಯ ಬಾಟಲಿಯ ಮುಚ್ಚಳ ತಿರುಗಿಸಿದ. ದೂರದ ದಾರಿ, ಒಂಟಿ ಹೆಣ್ಣುಮಗಳು, ಮೊದಲ ಸಲ ಕೈಗೆ ಬಂದ ಗಾಡಿ. ಅರ್ಧ ಬಾಟಲಿ ಕೊಸರು ಹಾಕಿದ. ಅವಳು ಕೈ ಮುಗಿದು ಹೊರಟಳು. ಕಾರು ಬೆಕ್ಕಿನಂತೆ ಗುರುಗುಟ್ಟುತ್ತ ತಿರುವಿನಲ್ಲಿ ಮರೆಯಾದಾಗ ಬೆಂಚಿನ ಮೇಲಿದ್ದವರೆಲ್ಲ ಭೀಮರಾಜುವನ್ನು ಹೊಸದಾಗಿ ನೋಡುವಂತೆ ನೋಡಿದರು.

ಕಾಲು ಗಂಟೆಯಾಗಿರಬಹುದು. ಮೂಡಲಿಗೆ, ಊರು ಮುಗಿದು ತೋಟಗಳು ಶುರುವಾಗುವ ಕಡೆ, ತೆಂಗಿನ ಮರಗಳ ನಡುವೆ ಹೊಗೆ ಕಂಡಿತು. ಯಾರೋ ಚಿಪ್ಪಿನ ಇದ್ದಿಲು ಮಾಡಲು ಗುಂಡಿಗೆ ಬೆಂಕಿ ಹಾಕಿದ್ದಾರೆ ಎಂದುಕೊಂಡ. ಚಿಪ್ಪಿನ ಹೊಗೆ ಅವನು ಹುಟ್ಟಿದಾಗಿನಿಂದ ನೋಡಿದ್ದು. ಅದು ಹಳದಿ ತಿರುಗಿ, ನಿಧಾನವಾಗಿ, ನೆಟ್ಟಗೆ ಏಳುತ್ತದೆ. ಇದು ನೀಲಿ ಬೆರೆತ ಬಿಳಿ. ಏಳುತ್ತಿರಲಿಲ್ಲ, ರಸ್ತೆಯ ಉದ್ದಕ್ಕೂ ಹಾಸಿಕೊಳ್ಳುತ್ತಿತ್ತು. ಆ ಕಡೆಯಿಂದ ಬಂದ ಲಾರಿಯವನು ಕಿಟಕಿಯಿಂದಲೇ ಕೂಗಿ ಹೇಳಿದ, ಹಳದಿ ಕಾರೊಂದು ಹೊಗೆಯಲ್ಲಿ ಮುಳುಗಿಹೋಗಿದೆ ಎಂದು.

ಭೀಮರಾಜು ಎಣ್ಣೆಯ ಡಬ್ಬಿಗಳನ್ನು ತರುವ ತನ್ನ ಚಿಕ್ಕ ಗೂಡ್ಸ್ ಗಾಡಿ ಹತ್ತಿದ. ಒರೆಸುವ ಬಟ್ಟೆ ಕೈಯಲ್ಲೇ ಇತ್ತು.

ಕಾರು ರಸ್ತೆಯಂಚಿಗೆ ನಿಂತಿತ್ತು. ಎಂಜಿನ್ನು ಆರಿಸಿದ್ದರೂ ಹಿಂದಿನ ಕೊಳವೆಗಳಿಂದ ಬಿಳಿ ಹೊಗೆ ಎಳೆಯೆಳೆಯಾಗಿ ಬರುತ್ತಲೇ ಇತ್ತು. ಏಳೆಂಟು ಜನ ಸುತ್ತ ನಿಂತು ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಹೆಣ್ಣು ಮಕ್ಕಳ ಕೈಗೆ ಇಂಥ ಗಾಡಿ ಕೊಟ್ಟರೆ ಇನ್ನೇನಾಗುತ್ತದೆ ಎಂದು ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ. ಕೋಮಲಾ ಫೋನನ್ನು ಅಂಗೈ ಮೇಲಿಟ್ಟುಕೊಂಡು ನಿಂತಿದ್ದಳು. ಅದರೊಳಗಿನ ಮಾಲೀಕರ ದನಿ ಎಲ್ಲರಿಗೂ ಕೇಳುತ್ತಿತ್ತು.

"ಎಷ್ಟು ತುಳಿದೆ ಹೇಳು. ರೋಡ್ ಖಾಲಿ ಸಿಕ್ತು ಅಂತ ತುಳಿದಿದ್ದೀಯ."

"ಇಲ್ಲ ಸರ್. ಅರವತ್ತೂ ದಾಟಿಸಿಲ್ಲ."

"ಸುಳ್ಳು ಹೇಳಬೇಡ. ನಿನ್ನ ಕಾಲು ಭಾರ ಅಂತ ಮೊದಲೇ ಅನುಮಾನ ಇತ್ತು ನನಗೆ. ಫೋಟೋ ಕಳಿಸು. ಐದು ನಿಮಿಷ ಬಿಟ್ಟು ಮಾಡ್ತೀನಿ. ಆಮೇಲೆ ಕೀಯನ್ನ ಯಾರ ಕೈಗೆ ಕೊಡಬೇಕು ಅಂತ ಹೇಳ್ತೀನಿ."

ಫೋನು ನಿಂತಿತು. ಅವಳು ತಲೆಯೆತ್ತಿದಾಗ ಎದುರಿಗೆ ಭೀಮರಾಜು. ಅವಳು ಅವನ ಕಡೆ ಕೈ ತೋರಿಸಲಿಲ್ಲ. ಕಣ್ಣನ್ನು ಬೇರೆ ಕಡೆಗೆ ತಿರುಗಿಸಿಕೊಂಡಳು.

ಅವನು ಹಿಂದಿನ ಮುಚ್ಚಳ ಎತ್ತಿದ. ಟ್ಯಾಂಕಿನ ಕಡ್ಡಿಯನ್ನು ಬಟ್ಟೆ ಸುತ್ತಿದ ಕೈಯಿಂದ ತಿರುಗಿಸುತ್ತಿದ್ದಂತೆ ಬಿಸಿ ಎಣ್ಣೆ ನೊರೆಯಾಗಿ ಕಂಠದವರೆಗೂ ಉಕ್ಕಿ ಬಂತು. ಗಾಳಿ ಎಳೆಯುವ ದಪ್ಪ ಕೊಳವೆಯಿಂದಲೂ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆ ಒಣಗಿದ್ದ ಟ್ಯಾಂಕು ಇದೇ. ಅವನು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಪುಸ್ತಕದಲ್ಲಿರುವುದನ್ನು ಓದಿ ಹೇಳು ಎಂದು ಕೋಮಲಾಳನ್ನು ಕೇಳಿದ. ಅವಳು ನಿಧಾನವಾಗಿ, ಇಂಗ್ಲಿಷಿನ ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದಳು. ಗಾಡಿ ನಿಂತಾಗ ಎಣ್ಣೆ ಟ್ಯಾಂಕಿನಿಂದ ಎಂಜಿನ್ನಿನ ಹೊಟ್ಟೆಗೆ ಇಳಿದುಬಿಡುತ್ತದೆ. ಓಡಿ ಬಿಸಿಯಾದ ಮೇಲೆ ಪಂಪು ಅದನ್ನು ಮತ್ತೆ ಟ್ಯಾಂಕಿಗೆ ಎತ್ತುತ್ತದೆ. ಆಗ ನೋಡಿದ್ದೇ ಸರಿಯಾದ ಅಳತೆ. ಬಾವಿಯ ನೀರು ಮೇಲೇರುವ ಮೊದಲೇ ಮಾಳಿಗೆಯ ತೊಟ್ಟಿಗೆ ಇಣುಕಿ, ಊರಲ್ಲೇ ನೀರಿಲ್ಲ ಎಂದಂತಾಗಿತ್ತು ಅವನು ಮಾಡಿದ್ದು. ಎರಡು ಗೆರೆಗಳ ನಡುವೆ ಹಿಡಿಯುವುದು ಬರೀ ಅರ್ಧ ಲೀಟರು. ಗಾಡಿಗೆ ಬೇಕಾಗಿದ್ದದ್ದು ಬಹುಶಃ ಒಂದು ಲೋಟ.

"ಹೆಚ್ಚಾದ್ರೆ ಉಸಿರು ಬಿಡೋ ಕೊಳವೇಲಿ ನುಗ್ಗಿ ಒಳಗೆ ಹೋಗಿ ಸುಡ್ತದಂತೆ. ಬಿಳಿ ಹೊಗೆ ಬತ್ತದೆ, ಎಣ್ಣೆ ಸೋರ್ದಂಗೆ ತಡೆಯೋ ಸೀಲು ಒಡೆದೋಗ್ತವೆ ಅಂತ ಬರ್ದವ್ರೆ" ಎಂದಳು ಕೋಮಲಾ. "ಅದು ಈ ಗಾಡಿಗೊಂದೇ ಅಲ್ಲ ಅಲ್ವಾಣ್ಣ. ಟ್ರೈನಿಂಗಲ್ಲಿ ನಮಗೆ ಹೇಳ್ತಿದ್ರು, ಯಾವ ಗಾಡಿಗಾದ್ರೂ ಎಣ್ಣೆ ಕಮ್ಮಿಯಾದಂಗೇ ಹೆಚ್ಚಾದ್ರೂ ಕೇಡು ಅಂತ."

ಬಿಳಿ ಹೊಗೆ. ಒಡೆದ ಸೀಲು.

ಏಳು ವರ್ಷದ ಹಿಂದೆ ಇದೇ ಹೊಗೆಯನ್ನು ಅವನು ನೋಡಿದ್ದ. ಕೊಬ್ಬರಿ ಮಂಡಿಯ ಹೊಸ ಗಾಡಿ. ಮಂಡಿಯವರು ಪೂಜೆ ಮಾಡಿಸಿ ಅದನ್ನು ಅರಳಗುಪ್ಪೆಯ ಕರಿಬಸವಯ್ಯನ ಕೈಗೆ ಕೊಟ್ಟಿದ್ದರು. ಎಣ್ಣೆ ಬದಲಿಸುವ ಮೊದಲ ಸಲ ಕರಿಬಸವಯ್ಯ ಅದನ್ನು ಹೂವಿನ ಹಾರದ ಸಮೇತ ಭೀಮರಾಜುವಿನ ಶೆಡ್ಡಿಗೆ ತಂದಿದ್ದ. ಹೊಸ ಗಾಡಿ, ಚೆನ್ನಾಗಿರಲಿ ಎಂದು ಭೀಮರಾಜು ಎಂದಿಗಿಂತ ಎರಡರಷ್ಟು ಕೊಸರು ಹಾಕಿದ್ದ. ಹತ್ತು ದಿನಕ್ಕೆ ಅದು ಬಿಳಿ ಹೊಗೆ ಕಕ್ಕುತ್ತ, ಅಡಿಯಿಂದ ಎಣ್ಣೆ ಸುರಿಸುತ್ತ ವಾಪಸು ಬಂತು. ಮಂಡಿಯವರು ಕೇಳಿದರು. ಭೀಮರಾಜು ಕಡ್ಡಿ ಎಳೆದು, ಹನಿಯನ್ನು ಬೆರಳಲ್ಲಿ ಉಜ್ಜಿ, ಮೂಸಿ, ಕಾಲು ಭಾರ ಎಂದ. ಹಳೆಯ ಎಂಜಿನ್ನುಗಳು ಅವನ ಕೊಸರನ್ನು ಸುಟ್ಟು ಮುಗಿಸುತ್ತಿದ್ದವು. ಸವೆಯದ ಹೊಸ ಎಂಜಿನ್ನಿಗೆ ಅದನ್ನು ಸುಡಲು ಬರುತ್ತಿರಲಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ. ಕರಿಬಸವಯ್ಯ ಅಲ್ಲೇ ನಿಂತು ಹೆಗಲ ಟವೆಲ್ಲನ್ನು ಕೈಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಇದ್ದದ್ದು ಈಗ ಕಣ್ಣಿಗೆ ಕಟ್ಟಿತು.

ಕೋಮಲಾಳ ಫೋನು ಮತ್ತೆ ಹೊಡೆದುಕೊಂಡಿತು.

ಸುಮ್ಮನಿದ್ದರೆ ಆಗುತ್ತಿತ್ತು. ಎಷ್ಟು ಸುರಿದ ಎಂಬುದನ್ನು ಬೆಂಚಿನವರು ಯಾರೂ ಅಳೆದು ನೋಡಿರಲಿಲ್ಲ. ನೋಡಿದ್ದರೂ ಅವರೆಲ್ಲ ಅವನ ಕಡೆಯವರು. ಬೆಂಗಳೂರಿನ ಮನುಷ್ಯ ಆಗಲೇ ತೀರ್ಮಾನ ಮಾಡಿ ಆಗಿತ್ತು, ಅದೂ ಭೀಮರಾಜುವಿನದೇ ಮಾತಿನಲ್ಲಿ. ಅವನು ಕೈ ಚಾಚಿ ಅವಳ ಅಂಗೈಯಿಂದ ಫೋನು ತೆಗೆದುಕೊಂಡ.

"ಸಾರ್, ನಾನು ತಿಪಟೂರಿನ ಭೀಮರಾಜು. ಎಣ್ಣೆ ಹಾಕ್ದೋನು ನಾನು. ಈ ಮಗಾ ಬುಕ್ಕು ಓದಿ ಸರಿಯಾಗೇ ಹೇಳ್ತು. ನಾನು ಕೇಳ್ನಿಲ್ಲ."

ಆ ಕಡೆಯಿಂದ ಎಷ್ಟು ಹಾಕಿದೆ ಎಂದು ಪ್ರಶ್ನೆ ಬಂತು. ಒಂದೂವರೆ ಲೀಟರು ಎಂದ. ಅಷ್ಟು ಯಾಕೆ ಎಂದರು.

"ಒಂದು ಲೀಟ್ರಿಗೆ ಗೆರೆ ಮುಟ್ತು ಸಾರ್. ಮೇಲಿನರ್ಧ... ಅದು ಪ್ರೀತಿಗೆ ಹಾಕ್ದೆ."

ಸುತ್ತ ನಿಂತವರಲ್ಲಿ ಒಬ್ಬ ನಕ್ಕ. ಉಳಿದವರು ನಗಲಿಲ್ಲ, ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಫೋನಿನ ಆಚೆಯ ಮನುಷ್ಯ ಬೈಯಲೂ ಇಲ್ಲ. ಗಾಡಿಯನ್ನು ಮತ್ತೆ ಚಾಲೂ ಮಾಡಬೇಡಿ, ಹೊತ್ತೊಯ್ಯಲು ಟ್ರಕ್ಕು ಕಳಿಸುತ್ತೇನೆ, ಕೋಮಲಾಗೆ ಕೊಡಿ ಎಂದರು. ಅವಳು ಹೂಂ ಸರ್, ಹೂಂ ಸರ್ ಎನ್ನುತ್ತ ತೆಂಗಿನ ಮರದ ಕಡೆಗೆ ತಿರುಗಿ ನಿಂತು ಮಾತಾಡಿದಳು.

ಟ್ರಕ್ಕು ಬರುವವರೆಗೆ ಇಬ್ಬರೂ ತೋಟದ ಬದುವಿನ ಮೇಲೆ ಕೂತರು. ಕಾರನ್ನು ಎತ್ತಿ ಕಟ್ಟಿ ಆದ ಮೇಲೆ, ಟ್ರಕ್ಕಿನ ಮೆಟ್ಟಿಲಿಗೆ ಕಾಲಿಡುವಾಗ ಅವಳು ಹೇಳಿದಳು: "ಅಣ್ಣ, ನೀವು ಸುಮ್ಕಿದ್ದಿದ್ರೂ ನಾನು ನಿಮ್ಮ ಹೆಸರು ಹೇಳ್ತಿರ್ನಿಲ್ಲ."

"ಯಾಕವ್ವ?"

"ಯಾರು ನಂಬ್ತಿದ್ರು?"

ಅವಳು ಕೋಪದಿಂದ ಹೇಳಲಿಲ್ಲ. ಹೊತ್ತೆಷ್ಟು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ಟ್ರಕ್ಕು ಹೋದ ಮೇಲೂ ಭೀಮರಾಜು ಅಲ್ಲೇ ನಿಂತಿದ್ದ. ಟವೆಲ್ಲು ಸುತ್ತುತ್ತಿದ್ದ ಕರಿಬಸವಯ್ಯ ಆ ದಿನ ಒಂದು ಮಾತೂ ಆಡದೆ ಹೋದದ್ದನ್ನು, ತಪ್ಪು ಒಪ್ಪಿಕೊಂಡದ್ದು ಎಂದೇ ಅವನು ಏಳು ವರ್ಷ ತಿಳಿದಿದ್ದ.

ಎರಡು ದಿನ ಅವನು ಶೆಡ್ಡಿಗೆ ಹೋದ, ಬೆಂಚಿನ ಮೇಲೆ ಕೂತ, ಯಾವ ಗಾಡಿಯ ಕಡ್ಡಿಯನ್ನೂ ಎಳೆಯಲಿಲ್ಲ. ಲಾರಿಯವರು ಬಂದು ಕರೆದರೆ ನೀವೇ ನೋಡಿಕೊಳ್ಳಿ, ಗೆರೆ ದಾಟಿಸಬೇಡಿ ಎನ್ನುತ್ತಿದ್ದ. ಅವರಿಗೆ ಇದು ತಮಾಷೆಯೋ ಮುನಿಸೋ ತಿಳಿಯಲಿಲ್ಲ. ಮನೆಯಲ್ಲಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಹಾಗೇ ಹಿಡಿದು ಕೂತಿರುತ್ತಿದ್ದ. ವನಜಾಕ್ಷಿ ಏನಾಯಿತು ಎಂದು ಕೇಳಿದಾಗ, ತಾನು ತೀರ್ಪು ಹೇಳಿದ ಇನ್ನಿಬ್ಬರ ಹೆಸರನ್ನೂ ಹೇಳಿ, ಅವರ ಗಾಡಿಗಳು ಹಳೆಯವೋ ಹೊಸವೋ ನೆನಪಿದೆಯಾ ಎಂದು ಅವಳನ್ನೇ ಕೇಳಿದ. ಅವಳಿಗೆ ಹೇಗೆ ಗೊತ್ತಿರಬೇಕು. ಅವನಿಗೆ ಗೊತ್ತಿತ್ತು. ಅವೆರಡೂ ಹಳೆಯವು. ಹೊಸದು ಕರಿಬಸವಯ್ಯನದೊಂದೇ.

ಮೂರನೆಯ ದಿನ ಕೋಮಲಾಳ ಫೋನು ಬಂತು. ಬೆಂಗಳೂರಿನ ಗ್ಯಾರೇಜಿನವರು ಹೆಚ್ಚಿನ ಎಣ್ಣೆ ತೆಗೆದು, ಒಳಗೆಲ್ಲ ಶುಚಿ ಮಾಡಿದರಂತೆ. ಎಂಜಿನ್ನಿಗೆ ಏನೂ ಆಗಿಲ್ಲವಂತೆ. ಎಣ್ಣೆ ನೋಡುವುದನ್ನು ಅವರು ಅವಳಿಗೇ ಕಲಿಸಿದರಂತೆ, ಎಂಜಿನ್ನು ಓಡುತ್ತಿರುವಾಗ. ಕೀ ಇನ್ನೂ ಅವಳ ಬಳಿಯೇ ಇದೆ. ಭೀಮರಾಜು ಒಳ್ಳೇದಾಯ್ತು ತಾಯಿ ಎಂದ. ಫೋನಿಟ್ಟು, ಗೂಡ್ಸ್ ಗಾಡಿ ಹತ್ತಿ ಅರಳಗುಪ್ಪೆಗೆ ಹೊರಟ.

ಕರಿಬಸವಯ್ಯ ಯಾರದೋ ತೋಟದ ಕಣದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಸುಲಿಯುತ್ತಿದ್ದ. ಮೈಯೆಲ್ಲ ನಾರಿನ ಧೂಳು. ಪಕ್ಕದಲ್ಲಿ ಸುಲಿದ ಕಾಯಿಯ ರಾಶಿ. ಭೀಮರಾಜುವನ್ನು ಕಂಡು ಎಳನೀರು ಕುಡಿಯುತ್ತೀಯಾ ಎಂದ. ಭೀಮರಾಜು ಬೇಡ ಎಂದು, ನಿಂತೇ ಎಲ್ಲವನ್ನೂ ಹೇಳಿದ. ಹಳದಿ ಕಾರು, ಟ್ಯಾಂಕು, ಕೊಸರು, ಹೊಗೆ, ಕೋಮಲಾಳ ಮಾತು. ಕೊನೆಗೆ, "ನಿನ್ನ ಗಾಡಿ ಕೆಡ್ಸಿದ್ದೂ ನಾನೇ ಕಣೋ ಬಸಣ್ಣ. ನಿನ್ನ ಕಾಲಲ್ಲ" ಎಂದ.

ಕರಿಬಸವಯ್ಯನ ಕೈ ನಿಂತಿತು. ಅರ್ಧ ಸುಲಿದ ಕಾಯಿ ಮೊನೆಗೆ ಸಿಕ್ಕಿಕೊಂಡೇ ಇತ್ತು. ಅವನ ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ಭೀಮರಾಜು ಕಾದ. ಬಂದದ್ದು ಸಿಟ್ಟಲ್ಲ; ಬಹಳ ಹಿಂದೆ ಕಳೆದ ವಸ್ತುವನ್ನು ಯಾರೋ ಎದುರಿಗೆ ತಂದಿಟ್ಟಾಗ, ಅದು ತನ್ನದೇ ಹೌದೇ ಎಂದು ನೋಡುವ ದಿಗಿಲು.

"ನಾನೂ ನಂಬ್ಬುಟ್ಟಿದ್ದೆ ಕಣ್ಲಾ" ಎಂದ. "ನೀನು ಹೇಳಿದ್ಮೇಲೆ ಇನ್ನೇನು. ಆವತ್ತಿಂದ ಮಗನ ಬೈಕೂ ಮುಟ್ಟಿಲ್ಲ. ನನ್ನ ಕಾಲು ಸರಿಯಿಲ್ಲ ಅಂತಾನೇ ಇದ್ದೆ."

ಅವನು ತನ್ನ ಬಲಗಾಲನ್ನು ನೋಡಿಕೊಂಡ. ಭೀಮರಾಜುವೂ ಅದನ್ನೇ ನೋಡಿದ. ಬಿರುಕುಬಿಟ್ಟ ಹಿಮ್ಮಡಿ, ನಾರು ಅಂಟಿದ ಬೆರಳುಗಳು. ಏಳು ವರ್ಷ ಒಬ್ಬ ಮನುಷ್ಯ ತನ್ನದೇ ಕಾಲಿನ ಮೇಲೆ ಅಪನಂಬಿಕೆ ಹೊತ್ತು ಓಡಾಡಿದ್ದ.

ಕ್ಷಮಿಸು ಎಂಬ ಮಾತು ಭೀಮರಾಜುವಿಗೆ ಬರಲಿಲ್ಲ. ನಾಳೆ ಬೆಳಿಗ್ಗೆ ಯಾರ್ಡಿನಲ್ಲಿ ಎಲ್ಲರೆದುರಿಗೆ, ಮಂಡಿಯವರ ಎದುರಿಗೂ ಇದನ್ನು ಹೇಳುತ್ತೇನೆ, ನೀನೂ ಬಂದು ನಿಲ್ಲು ಎಂದ. ಆಮೇಲೆ ಜೇಬಿನಿಂದ ಗೂಡ್ಸ್ ಗಾಡಿಯ ಕೀ ತೆಗೆದು ಚಾಚಿದ.

"ಈಗ ಇದನ್ನ ಓಡ್ಸು. ನಾನು ಪಕ್ಕದಾಗೆ ಕೂತ್ಕತೀನಿ."

"ಬ್ಯಾಡ ಬುಡು."

"ಓಡ್ಸೋ ಮಾರಾಯ."

ಕರಿಬಸವಯ್ಯ ಟವೆಲ್ಲಿನಿಂದ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ಹತ್ತಿ ಕೂತು, ಸ್ಟೇರಿಂಗನ್ನು ಒಂದು ಗಳಿಗೆ ಸುಮ್ಮನೆ ಹಿಡಿದ. ಗಾಡಿ ಕಣದಿಂದ ಇಳಿದು ಮಣ್ಣಿನ ದಾರಿಗೆ ಬಂತು. ನಡೆದುಹೋಗುವವನಷ್ಟೇ ನಿಧಾನ. ಹಿಂದಿನಿಂದ ಬಂದ ಹುಲ್ಲಿನ ಟ್ರ್ಯಾಕ್ಟರೊಂದು ಹಾರನ್ನು ಬಾರಿಸಿ ಬಾರಿಸಿ ಸಾಕಾಗಿ ಪಕ್ಕಕ್ಕೆ ಎಳೆದು ಮುಂದೆ ಹೋಯಿತು. ಭೀಮರಾಜು ಜೋರಾಗಿ ಹೋಗು ಎನ್ನಲಿಲ್ಲ. ಅವನು ಬಗ್ಗಿ ಪೆಡಲ್ಲಿನ ಮೇಲಿದ್ದ ಆ ಬರಿಗಾಲನ್ನು ನೋಡುತ್ತಿದ್ದ. ಹೆಬ್ಬೆರಳಿನಡಿಗೆ ಸಿಕ್ಕಿದ್ದ ತೆಂಗಿನ ನಾರಿನ ಎಳೆಯೊಂದು ಗಾಳಿಗೆ ಅಲುಗುತ್ತಲೇ ಇತ್ತು.